ಔಷಧಿಯ ಬೆಲೆಯೂ ಆಯುಷ್ಯದ ಲೆಕ್ಕವೂ

ಔಷಧಿ ದುಬಾರಿಯಾದಷ್ಟೂ ರೋಗಿಯ ಆಯುಷ್ಯ ಹೆಚ್ಚುತ್ತದೆಂಬ ನಂಬಿಕೆ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಬಲವಾಗಿ ಬೇರೂರಿದೆ. ಸ್ತನದ ಕ್ಯಾನ್ಸರು ಮೂಳೆಗೋ ಯಕೃತ್ತಿಗೋ ಹಬ್ಬಿದೆಯೆಂದು ತಿಳಿದ ಮರುದಿನವೇ ಊರಿನ ಜಮೀನು ಮಾರುವ ಮಾತು ಏಳುತ್ತದೆ. ಮಾರಿದ ಮಗ ಶ್ರವಣಕುಮಾರ, ಮಾರದವನು ಕಟುಕ! ಹೀಗೆ ತೀರ್ಪು ಕೊಡುವ ನಮ್ಮಲ್ಲಿ ಎಷ್ಟು ಮಂದಿ, ಆ ಔಷಧಿಯಿಂದ ನಿಜವಾಗಿ ದೊರೆಯುವುದೇನೆಂದು ವೈದ್ಯರನ್ನು ಕೇಳಿದ್ದೇವೆ?

ಹಾರ್ಮೋನಿನಿಂದ ಬೆಳೆಯುವ ಬಗೆಯ ಸ್ತನ ಕ್ಯಾನ್ಸರಿಗೆ ಪಾಲ್ಬೊಸಿಕ್ಲಿಬ್ ಎಂಬ ಔಷಧಿಗೆ 2015ರಲ್ಲಿ ಅಮೆರಿಕ ಒಪ್ಪಿಗೆ ನೀಡಿತು. 666 ಮಹಿಳೆಯರ ಪ್ರಯೋಗವೊಂದರಲ್ಲಿ, ಹಳೆಯ ಲೆಟ್ರೊಜೋಲ್ ಮಾತ್ರೆಯೊಂದನ್ನೇ ಪಡೆದವರಲ್ಲಿ ರೋಗ 14.5 ತಿಂಗಳು ಹಿಡಿತದಲ್ಲಿದ್ದರೆ, ಎರಡನ್ನೂ ಪಡೆದವರಲ್ಲಿ 24.8 ತಿಂಗಳು ಹಿಡಿತದಲ್ಲಿತ್ತು. ಎಲ್ಲೆಡೆ ಜಯಕಾರ! ಆದರೆ 2022ರಲ್ಲಿ ಆಯುಷ್ಯದ ಲೆಕ್ಕ ಹೊರಬಿದ್ದಾಗ ಅದು 51.2 ಮತ್ತು 53.9 ತಿಂಗಳು. ಇಷ್ಟು ಅಂತರ ಆಕಸ್ಮಿಕವೂ ಇರಬಹುದೆಂದಿತು ಸಂಖ್ಯಾಶಾಸ್ತ್ರ. ಅದೇ ಗುಂಪಿನ ರೈಬೊಸಿಕ್ಲಿಬ್ ಮಾತ್ರ, ಇಂಥದೇ ಇನ್ನೊಂದು ಪ್ರಯೋಗದಲ್ಲಿ, 51.4 ತಿಂಗಳನ್ನು 63.9ಕ್ಕೆ ಏರಿಸಿತು. ಇವೆಲ್ಲ ಮಧ್ಯಾಂಕಗಳು, ಅರ್ಧ ಮಂದಿಗೆ ಅಷ್ಟೂ ದಕ್ಕಲಿಲ್ಲ. ರೋಗ ಹಿಡಿತದಲ್ಲಿರುವುದಕ್ಕೂ ಬೆಲೆಯುಂಟು, ನಿಜ. ಆದರೆ ಅದನ್ನೇ ಆಯುಷ್ಯವೆಂದು ನಂಬಿಸುವುದು ಸಲ್ಲದು.

“ಜೀವದ ಮುಂದೆ ಲೆಕ್ಕವೇ?” ಎಂದು ಹುಬ್ಬೇರಿಸುವವರುಂಟು. ಅವರು ಇಷ್ಟನ್ನು ಯೋಚಿಸಲಿ. ಇಂಥ ಪ್ರಯೋಗಗಳಿಗೆ ಆರಿಸುವುದು ಓಡಾಡುವ ಶಕ್ತಿಯುಳ್ಳ, ಯಕೃತ್ತು, ಮೂತ್ರಪಿಂಡ ಚೆನ್ನಾಗಿರುವ ರೋಗಿಗಳನ್ನು. ನಮ್ಮ ಅಕ್ಕತಂಗಿಯರು ಸಕ್ಕರೆ ಕಾಯಿಲೆ, ರಕ್ತಹೀನತೆಗಳ ಸಮೇತ, ತಡವಾಗಿ ಆಸ್ಪತ್ರೆ ಸೇರುತ್ತಾರೆ. ಬಿಳಿ ರಕ್ತಕಣ ಕುಸಿದು ಕೆಲವರು, ದುಡ್ಡು ಮುಗಿದು ಕೆಲವರು ನಡುವೆಯೇ ನಿಲ್ಲಿಸುತ್ತಾರೆ. ಪ್ರಯೋಗದ ಅಂಕಿಯನ್ನು ಇವರ ಕೈಗೆ ಭರವಸೆಯೆಂದು ಕೊಡುವುದು ಯಾವ ನ್ಯಾಯ?

ಔಷಧಿಯೇ ಬೇಡವೆಂಬುದು ನನ್ನ ವಾದವಲ್ಲ. ‘ಹರ್-2’ ಬಗೆಯ ಕ್ಯಾನ್ಸರಿಗೆ ಟ್ರಾಸ್ಟುಜುಮಾಬ್ ಆಯುಷ್ಯ ಹೆಚ್ಚಿಸುತ್ತದೆಂದು 2001ರಲ್ಲೇ ಪ್ರಕಟವಾಗಿತ್ತು. ಆದರೂ 2005ರಿಂದ 2013ರವರೆಗೆ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ, ರೋಗ ಹಬ್ಬಿದ ಮೇಲೆ ಸ್ತನದ ಶಸ್ತ್ರಚಿಕಿತ್ಸೆ ಫಲಿಸುವುದೇ ಎಂದು ಪರೀಕ್ಷಿಸಲು ಆರಿಸಿದ 350 ಮಹಿಳೆಯರಲ್ಲಿ, ಈ ಬಗೆಯವರ ಪೈಕಿ ಬಹುಪಾಲು ಮಂದಿಗೆ ಆ ಬಗೆಯ ಔಷಧಿ ಸಿಕ್ಕಿರಲಿಲ್ಲ. ಫಲಕೊಡುವ ಔಷಧಿ ಲೋಕದಲ್ಲಿತ್ತು, ಅವರ ಪಾಲಿಗಿರಲಿಲ್ಲ! 2014ರಲ್ಲಿ ಬೆಂಗಳೂರಿನ ಬಯೊಕಾನ್ ಅದರ ಸಮಾನ ಔಷಧಿಯನ್ನು ಮಾರುಕಟ್ಟೆಗೆ ತಂದಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅತ್ಯವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತು. ಪಾಲ್ಬೊಸಿಕ್ಲಿಬ್‌ನ ಪೇಟೆಂಟು 2023ರಲ್ಲಿ ಮುಗಿದೊಡನೆ ಅದರ ಬೆಲೆಯೂ ಇಳಿಯಿತು. ಬೆಲೆಯೆಂಬುದು ವಿಧಿಲಿಖಿತವಲ್ಲ ಎನ್ನಲು ಇನ್ನೇನು ಸಾಕ್ಷಿ ಬೇಕು?

ಆದುದರಿಂದ ಜಮೀನಿನ ಪತ್ರ ತೆಗೆಯುವ ಮುನ್ನ ವೈದ್ಯರನ್ನು ಕೇಳಿ: ಈ ಔಷಧಿ ಹೆಚ್ಚಿಸುವುದು ಆಯುಷ್ಯವನ್ನೋ, ರೋಗ ಹಿಡಿತದಲ್ಲಿರುವ ಅವಧಿಯನ್ನೋ? ನಮ್ಮ ರೋಗಿಯಂಥವರಲ್ಲಿ ಫಲವೇನು? ಕಡಿಮೆ ಬೆಲೆಯ ಸಮಾನ ಔಷಧಿ ಉಂಟೇ? ಉತ್ತರವನ್ನು ರೋಗಿಗೂ ತಿಳಿಸಿ; ಆಕೆಯಿಂದ ಮುಚ್ಚಿಟ್ಟು ನಾವೇ ನಿರ್ಧರಿಸುವುದು ಪ್ರೀತಿಯಲ್ಲ, ದಬ್ಬಾಳಿಕೆ. ಊರಿಂದ ಬಂದು ಪರಭಾಷೆಯ ಆಸ್ಪತ್ರೆಯಲ್ಲಿ ತಬ್ಬಿಬ್ಬಾಗಿ ನಿಂತವರ ಪರವಾಗಿ ಈ ಪ್ರಶ್ನೆಗಳನ್ನು ಕೇಳಬಲ್ಲ ನಾಲ್ಕು ಮಂದಿ ಕನ್ನಡಿಗರನ್ನು ನಮ್ಮ ಸಂಘ ಸಿದ್ಧಗೊಳಿಸಲಿ. ಶಾಲು, ಹಾರಗಳ ಖರ್ಚಿನಲ್ಲಿ ಒಂದು ಪಾಲು ಅದಕ್ಕೆ ಸಂದರೆ ಕನ್ನಡಕ್ಕೇನೂ ಕೊರತೆಯಾಗದು.