ಕೋನ್ ಎತ್ತಿಡುವವರೇ ಪ್ರೇಕ್ಷಕರು

ಯಾವುದೋ ಒಂದು ಆಟ ನೋಡಲು ಚೆನ್ನಾಗಿಲ್ಲ ಎಂದು ನಾವು ಬಹಳ ಬೇಗ ತೀರ್ಮಾನ ಮಾಡಿಬಿಡುತ್ತೇವೆ. ಕ್ರಿಕೆಟ್, ಫುಟ್‌ಬಾಲ್, ಕಬಡ್ಡಿ ಬಿಟ್ಟರೆ ಉಳಿದದ್ದೆಲ್ಲ ಆಡುವವರಿಗೆ ಮಾತ್ರ, ನೋಡುವವರಿಗೆ ಅದರಲ್ಲಿ ಏನೂ ಇಲ್ಲ ಎಂಬ ಮಾತು ನಮ್ಮ ತರಗತಿಯಲ್ಲೂ ಕೇಳಿಬರುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಆಟದ ಲೆಕ್ಕ ಏನೆಂದು ತಿಳಿಸದಿದ್ದರೆ, ಹತ್ತಿರ ನಿಂತು ನೋಡಲು ಜಾಗ ಕೊಡದಿದ್ದರೆ ಯಾವ ಆಟವೂ ಸಪ್ಪೆಯೇ. ಇದಕ್ಕೆ ನಾನು ಕೊಡುವ ಉದಾಹರಣೆ ನಮ್ಮಲ್ಲಿ ಹೆಚ್ಚಿನವರು ಹೆಸರೂ ಕೇಳಿರದ ಒಂದು ಆಟ: ಸ್ಲಾಲಮ್ ಸ್ಕೇಟ್‌ಬೋರ್ಡ್ ಸ್ಪರ್ಧೆ.

ಇದರ ನಿಯಮ ಒಂದೇ ನಿಮಿಷದಲ್ಲಿ ಅರ್ಥವಾಗುತ್ತದೆ. ಇಳಿಜಾರಾದ ಡಾಂಬರು ರಸ್ತೆ. ಅದರ ಮೇಲೆ ಸಾಲಾಗಿ ಇಟ್ಟ ಪ್ಲಾಸ್ಟಿಕ್ ಕೋನ್‌ಗಳು. ಸ್ಪರ್ಧಿ ಸ್ಕೇಟ್‌ಬೋರ್ಡಿನ ಮೇಲೆ ನಿಂತು, ಒಂದು ಕೋನಿನ ಎಡಕ್ಕೆ, ಮುಂದಿನದರ ಬಲಕ್ಕೆ ಹಾವಿನಂತೆ ನುಸುಳುತ್ತಾ ಕೆಳಗಿನ ಗೆರೆ ಮುಟ್ಟಬೇಕು. ಕಡಿಮೆ ಸಮಯ ತೆಗೆದುಕೊಂಡವರು ಗೆದ್ದರು. ಕೋನ್ ಬಿದ್ದರೆ ಸಮಯಕ್ಕೆ ದಂಡ ಸೇರುತ್ತದೆ. ಸಾಮಾನ್ಯವಾಗಿ ಒಂದು ಕೋನಿಗೆ ಸೆಕೆಂಡಿನ ಹತ್ತನೇ ಒಂದು ಭಾಗ. ತುಂಬಾ ಕೋನ್ ಬೀಳಿಸಿದರೆ ಸ್ಪರ್ಧೆಯಿಂದಲೇ ಹೊರಗೆ. ಕೋನ್‌ಗಳು ಹತ್ತಿರ ಹತ್ತಿರ ಇದ್ದರೆ ಟೈಟ್ ಸ್ಲಾಲಮ್, ದೂರ ದೂರ ಇದ್ದು ವೇಗ ಹೆಚ್ಚಿದ್ದರೆ ಜೈಂಟ್ ಸ್ಲಾಲಮ್. ಓಟ ಶುರುವಾದ ಮೇಲೆ ಕಾಲು ನೆಲಕ್ಕೆ ತಾಗಿಸಿ ತಳ್ಳುವುದಿಲ್ಲ. ಮೊಣಕಾಲು, ಸೊಂಟ, ಭುಜ ತಿರುಗಿಸುತ್ತಲೇ ವೇಗ ಹೆಚ್ಚಿಸಿಕೊಳ್ಳುತ್ತಾರೆ. ಲಾಟ್ವಿಯಾದ ಯಾನಿಸ್ ಕುಜ್ಮಿನ್ಸ್ 2011ರಲ್ಲಿ 100 ಕೋನ್‌ಗಳನ್ನು 20.77 ಸೆಕೆಂಡಿನಲ್ಲಿ ದಾಟಿ ಗಿನ್ನೆಸ್ ದಾಖಲೆ ಬರೆದರು. ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ ಐದು ಕೋನ್. ನಾವು ಬಾಯಲ್ಲಿ ಒಂದು, ಎರಡು, ಮೂರು ಎಂದು ಎಣಿಸಲೂ ಆಗದ ವೇಗ ಅದು.

ಈ ಆಟಕ್ಕೆ ಜೀವ ಬಂದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. 1970ರ ದಶಕದ ಆರಂಭದಲ್ಲಿ ಫ್ರ್ಯಾಂಕ್ ನಾಸ್‌ವರ್ದಿ ಎಂಬವರು ಸ್ಕೇಟ್‌ಬೋರ್ಡಿಗೆ ಯುರಥೇನ್ ಚಕ್ರ ತಂದರು. ಅದಕ್ಕೆ ಮೊದಲಿದ್ದ ಮಣ್ಣಿನ ಮಿಶ್ರಣದ ಗಟ್ಟಿ ಚಕ್ರಗಳು ತಿರುವಿನಲ್ಲಿ ಜಾರುತ್ತಿದ್ದವು. ಹೊಸ ಚಕ್ರ ರಸ್ತೆಯನ್ನು ಹಿಡಿದುಕೊಂಡಿತು. ಸ್ಯಾನ್ ಡಿಯಾಗೊ ಹತ್ತಿರದ ಲಾ ಕೋಸ್ಟಾದಲ್ಲಿ ಒಂದು ಬಡಾವಣೆಗೆ ರಸ್ತೆಗಳು ಆಗಿದ್ದವು, ಮನೆಗಳು ಎದ್ದಿರಲಿಲ್ಲ. ನುಣ್ಣನೆಯ ಆ ಖಾಲಿ ಇಳಿಜಾರೇ ಯುವಕರ ಕ್ರೀಡಾಂಗಣವಾಯಿತು. ಹೆನ್ರಿ ಹೆಸ್ಟರ್ ಅಂಥವರು ಅಲ್ಲಿಂದ ಹೆಸರು ಮಾಡಿದರು. 1980ರ ಹೊತ್ತಿಗೆ ಸ್ಕೇಟ್‌ಬೋರ್ಡಿನ ಅಲೆಯೇ ಇಳಿಯಿತು, ಸ್ಲಾಲಮ್ ಬಹುತೇಕ ಮರೆಯಾಯಿತು. 2000ರ ದಶಕದ ಆರಂಭದಲ್ಲಿ ಜ್ಯಾಕ್ ಸ್ಮಿತ್ ಅವರು ಅದೇ ರಾಜ್ಯದ ಮೊರೊ ಬೇ ಎಂಬ ಊರಿನಲ್ಲಿ ಮತ್ತೆ ಸ್ಪರ್ಧೆ ಏರ್ಪಡಿಸಿದರು. ಹಳಬರು ಮರಳಿ ಬಂದರು, ಯುರೋಪಿನಿಂದ ಹೊಸಬರು ಸೇರಿದರು. ದೊಡ್ಡ ಹಣ ಇಲ್ಲ, ಟಿವಿ ಇಲ್ಲ. ಆಟ ಉಳಿದದ್ದು ಅದನ್ನು ಇಷ್ಟಪಟ್ಟವರಿಂದ.

ನೋಡುವವರಿಗೆ ಇದರಲ್ಲಿ ಏನಿದೆ? ಮೊದಲನೆಯದು, ತಕರಾರಿಲ್ಲದ ತೀರ್ಪು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ಕೇಟ್‌ಬೋರ್ಡಿಂಗ್ ಮೊದಲ ಬಾರಿ ಸೇರಿದಾಗ ಇದ್ದದ್ದು ಸ್ಟ್ರೀಟ್ ಮತ್ತು ಪಾರ್ಕ್ ಎಂಬ ಎರಡು ವಿಭಾಗ. ಎರಡರಲ್ಲೂ ಅಂಕ ಕೊಡುವವರು ತೀರ್ಪುಗಾರರು. ಜಪಾನಿನ ಮೊಮಿಜಿ ನಿಶಿಯಾ 13ನೇ ವಯಸ್ಸಿಗೇ ಚಿನ್ನ ಗೆದ್ದದ್ದನ್ನು ನಾವೆಲ್ಲ ಮೆಚ್ಚಿದೆವು. ಆದರೆ ಒಂದು ಜಿಗಿತಕ್ಕಿಂತ ಇನ್ನೊಂದು ಜಿಗಿತಕ್ಕೆ ಅಂಕ ಏಕೆ ಹೆಚ್ಚು ಎಂದು ನನ್ನಂಥವರಿಗೆ ಹೊಳೆಯುವುದಿಲ್ಲ. ಸ್ಲಾಲಮ್‌ನಲ್ಲಿ ಗಡಿಯಾರ ಇದೆ, ಬಿದ್ದ ಕೋನ್ ಇದೆ. ಎರಡೂ ಎಲ್ಲರಿಗೂ ಕಾಣುತ್ತವೆ.

ಎರಡನೆಯದು, ಜೋಡಿ ಓಟ. ಅಕ್ಕಪಕ್ಕ ಎರಡು ಸಾಲು ಕೋನ್, ಇಬ್ಬರು ಒಟ್ಟಿಗೆ ಹೊರಡುತ್ತಾರೆ. ಆಮೇಲೆ ಸಾಲು ಬದಲಿಸಿ ಮತ್ತೊಮ್ಮೆ ಓಡುತ್ತಾರೆ. ಎರಡೂ ಓಟದ ಅಂತರ ಕೂಡಿಸಿ ಗೆಲುವು ಯಾರದೆಂದು ಹೇಳುತ್ತಾರೆ. ಮೊದಲ ಓಟದಲ್ಲಿ ಹಿಂದೆ ಬಿದ್ದವರು ಎರಡನೆಯದರಲ್ಲಿ ಎಷ್ಟು ಸಮಯ ಉಳಿಸಬೇಕೆಂದು ನೋಡುವವರಿಗೂ ಗೊತ್ತಿರುತ್ತದೆ. ಆಗ ಒಂದೊಂದು ಕೋನ್ ಅಲುಗಿದಾಗಲೂ ಎದೆ ಧಸಕ್ಕೆನ್ನುತ್ತದೆ. ನಮ್ಮ ಜಿಲ್ಲೆಯವರಿಗೆ ಇದು ಹೊಸತಲ್ಲ. ಜೋಡುಕರೆ ಕಂಬಳದಲ್ಲಿ ನೋಡುವುದೂ ಇದನ್ನೇ: ಎರಡು ಕರೆ, ಎರಡು ಜೋಡಿ ಕೋಣ, ಕೆಲವೇ ಸೆಕೆಂಡು. ಐಕಳ ಕಂಬಳದಲ್ಲಿ 2020ರಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ ಸುದ್ದಿ ದೇಶವೆಲ್ಲ ಹಬ್ಬಿತು. ಓಟ ಇಷ್ಟು ಚಿಕ್ಕದು, ನೋಡಲು ಏನಿದೆ ಎಂದು ಕಂಬಳದ ಗದ್ದೆಯಲ್ಲಿ ಯಾರೂ ಕೇಳುವುದಿಲ್ಲ.

ಸ್ಲಾಲಮ್ ವಿರುದ್ಧ ಹೇಳುವ ಮಾತಿನಲ್ಲೂ ಸತ್ಯ ಇದೆ. ಪರದೆಯ ಮೇಲೆ ಇದು ಪೂರ್ತಿ ಕಾಣುವುದಿಲ್ಲ. ಕ್ಯಾಮೆರಾ ಎದುರಿಗಿದ್ದರೆ ಇಳಿಜಾರೂ ವೇಗವೂ ತಿಳಿಯುವುದಿಲ್ಲ. ಬದಿಗಿದ್ದರೆ ನಾಲ್ಕಾರು ಕೋನ್ ಮಾತ್ರ ಕಾಣುತ್ತವೆ. ಒಂದು ಓಟ ಇನ್ನೊಂದರಂತೆಯೇ ಇದೆ ಎನ್ನಿಸುವುದೂ ಉಂಟು. ಆದ್ದರಿಂದ ಇದು ಕ್ರಿಕೆಟ್‌ನಂತೆ ಕೋಟಿ ಜನ ನೋಡುವ ಆಟ ಆಗಲಿಕ್ಕಿಲ್ಲ. ಆಗಬೇಕೆಂದೂ ನಾನು ಹೇಳುತ್ತಿಲ್ಲ.

ನನಗೆ ಮುಖ್ಯವೆನಿಸಿದ್ದು ಬೇರೆ. ಈ ಸ್ಪರ್ಧೆಯಲ್ಲಿ ರಸ್ತೆಯ ಬದಿ ಉದ್ದಕ್ಕೂ ಜನ ನಿಂತಿರುತ್ತಾರೆ. ಕೋನ್ ಬಿದ್ದರೆ ಅವರೇ ಎಣಿಸುತ್ತಾರೆ. ಮುಂದಿನವರು ಬರುವ ಮೊದಲು ಓಡಿ ಹೋಗಿ ಅದನ್ನು ಗುರುತು ಹಾಕಿದ ಜಾಗದಲ್ಲೇ ಇಡುತ್ತಾರೆ. ಹೆಚ್ಚಿನವರು ತಮ್ಮ ಸರದಿ ಮುಗಿಸಿದ ಸ್ಪರ್ಧಿಗಳು, ಅವರ ಮನೆಯವರು, ಗೆಳೆಯರು. ಸೋತವರು ಬ್ಯಾಗ್ ಹೆಗಲಿಗೇರಿಸಿ ಮನೆಗೆ ಹೋದರೆ ಉಳಿದವರ ಸ್ಪರ್ಧೆ ನಡೆಯುವುದೇ ಇಲ್ಲ. ನೋಡುವವರಿಗೂ ಒಂದು ಕೆಲಸ ಇದೆ, ಆ ಕೆಲಸದಿಂದಲೇ ಆಟದ ಸೂಕ್ಷ್ಮ ಅವರಿಗೆ ತಿಳಿಯುತ್ತದೆ.

ಈಗ ನಮ್ಮ ಕಾಲೇಜಿನ ವಾರ್ಷಿಕ ಕ್ರೀಡಾಕೂಟಕ್ಕೆ ಬರೋಣ. ವಿದ್ಯಾರ್ಥಿನಿಯರ ಉದ್ದಜಿಗಿತ, ಗುಂಡೆಸೆತ, ರಿಲೇ ಎಲ್ಲವೂ ಬೆಳಗ್ಗೆಯೇ ಮುಗಿದುಬಿಡುತ್ತವೆ. ಆಗ ಮೈದಾನದಲ್ಲಿರುವುದು ಓಡುವವರು, ಅಳೆಯುವ ಇಬ್ಬರು ಉಪನ್ಯಾಸಕಿಯರು, ನೀರು ಕೊಡುವವರು. ಎರಡು ವರ್ಷ ನಾನು ರಿಲೇಯಲ್ಲಿ ಓಡಿದ್ದೇನೆ. ಎರಡು ಸಲವೂ ನಮ್ಮ ತರಗತಿಯವರಿಗೆ ಫಲಿತಾಂಶ ತಿಳಿದದ್ದು ಮಧ್ಯಾಹ್ನದ ಬಹುಮಾನ ವಿತರಣೆಯಲ್ಲಿ. ಈ ವರ್ಷ ‘ನೋಡುವವರೇ ಇಲ್ಲ’ ಎಂಬ ಕಾರಣ ಹೇಳಿ ಎರಡು ಸ್ಪರ್ಧೆಗಳನ್ನು ಕೈಬಿಡುವ ಮಾತು ಕೇಳಿಬರುತ್ತಿದೆ. ನೋಡಲು ಕರೆಯದೆ, ನೋಡುವವರಿಲ್ಲ ಎನ್ನುವುದು ನ್ಯಾಯವೇ?

ನನ್ನ ಸಲಹೆಗಳಿಗೆ ಖರ್ಚಿಲ್ಲ. ಪ್ರತಿ ತರಗತಿಯಿಂದ ನಾಲ್ಕು ವಿದ್ಯಾರ್ಥಿನಿಯರು ಟೇಪ್ ಹಿಡಿಯಲಿ, ಮರಳು ಸರಿಮಾಡಲಿ, ಅಳತೆ ಬರೆದುಕೊಳ್ಳಲಿ. ಒಬ್ಬರು ಮೈಕಿನಲ್ಲಿ ಕಳೆದ ವರ್ಷದ ದೂರ ಎಷ್ಟು, ಈಗ ಎಷ್ಟು ಬೇಕು ಎಂದು ಹೇಳುತ್ತಿರಲಿ. ಉದ್ದಜಿಗಿತದ ಹೊಂಡದ ಬದಿಯಲ್ಲೇ ಹುಡುಗಿಯರ ತರಗತಿಗಳಿಗೆ ಬೆಂಚು ಹಾಕಲಿ. ಪ್ರತ್ಯೇಕ ವ್ಯವಸ್ಥೆ ಇರುವುದರಿಂದ ಪ್ರೇಕ್ಷಕರು ಇರಬಾರದು ಎಂದೇನೂ ಅಲ್ಲ. ಕಾಲೇಜಿನ ಅರ್ಧಕ್ಕಿಂತ ಹೆಚ್ಚು ಮಂದಿ ನಾವೇ ಇದ್ದೇವೆ. ಬಹುಮಾನ ಪಟ್ಟಿಯಲ್ಲಿ ಹೆಸರಿನ ಜೊತೆಗೆ ಸಮಯ, ದೂರವೂ ಇರಲಿ. ಆಗ ಮುಂದಿನ ವರ್ಷದವರಿಗೆ ಮುರಿಯಲು ಒಂದು ದಾಖಲೆ ಸಿಗುತ್ತದೆ.

ಒಂದು ಎಚ್ಚರಿಕೆ ಮಾತ್ರ. ಇದನ್ನು ಓದಿ ಯಾರೂ ಕಾಲೇಜು ಗೇಟಿನ ಇಳಿಜಾರಿನಲ್ಲಿ ಸ್ಕೇಟ್‌ಬೋರ್ಡ್ ಇಳಿಸಬೇಡಿ. ಸ್ಪರ್ಧಿಗಳು ಹೆಲ್ಮೆಟ್ ಹಾಕಿ, ವಾಹನ ನಿಲ್ಲಿಸಿದ ರಸ್ತೆಯಲ್ಲಿ ಓಡುತ್ತಾರೆ. ನಮ್ಮ ರಸ್ತೆಯಲ್ಲಿ ಬಸ್ಸು ನಿಲ್ಲುವುದಿಲ್ಲ.

ಕ್ರೀಡಾಕೂಟದ ಸಮಿತಿಯ ಸಭೆ ಮುಂದಿನ ತಿಂಗಳು ಇದೆ. ಪ್ರಾಂಶುಪಾಲರಲ್ಲಿ, ದೈಹಿಕ ಶಿಕ್ಷಣ ಉಪನ್ಯಾಸಕರಲ್ಲಿ ನನ್ನ ವಿನಂತಿ ಇಷ್ಟೇ: ಕೈಬಿಡುವ ಮೊದಲು ಒಂದು ವರ್ಷ ಹೀಗೆ ನಡೆಸಿ ನೋಡಿ. ಸಹಪಾಠಿಗಳಲ್ಲಿ ವಿನಂತಿ, ಆ ದಿನ ಬೆಳಗ್ಗೆ ಎಂಟಕ್ಕೇ ಬನ್ನಿ. ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕು.