ಬಣ್ಣಕ್ಕೆ ಫೋಟೊ, ಬ್ರೇಕಿಗೆ ದೇವರು

ಚಾರ್ಮಾಡಿ ಘಟ್ಟದಲ್ಲಿ ಕಾರೊಂದು ಕಂದಕಕ್ಕೆ ಉರುಳಿದರೆ ಮರುದಿನ ನಮ್ಮ ಬೆಂಗಳೂರಿನ ಸಜ್ಜನರು ಹೇಳುವುದು ಒಂದೇ ಮಾತು: “ಘಟ್ಟದ ರಸ್ತೆ ಬಹಳ ಅಪಾಯ ಕಣ್ರೀ.” ಈ ಮಾತನ್ನು ನಾನು ಒಪ್ಪುವುದಿಲ್ಲ. ಅದೇ ರಸ್ತೆಯಲ್ಲಿ ಸರಕಾರಿ ಬಸ್ಸುಗಳು ತುಂಬಿದ ಜನರನ್ನು ಹೊತ್ತು ದಿನವೂ ಹತ್ತಿ ಇಳಿಯುತ್ತವೆ. ಅವುಗಳ ಚಾಲಕರು ಯಾರೂ ಗಂಧರ್ವರಲ್ಲ. ೨೦೧೯ರ ಆಗಸ್ಟಿನ ಮಳೆಗೆ ಗುಡ್ಡ ಕುಸಿದು ಹಾದಿ ಮುಚ್ಚಿಹೋದದ್ದು ನಿಜ. ಅದು ಬೇರೊಂದು ಲೇಖನಕ್ಕೆ ವಸ್ತು. ಆದರೆ ಒಣ ಹವೆಯ ದಿನ, ಹಾಡುಹಗಲಿನಲ್ಲಿ ಬಾಡಿಗೆ ಕಾರೊಂದು ಕೈಕೊಟ್ಟರೆ ಅದರ ಪಾಪವನ್ನು ಬೆಟ್ಟದ ತಲೆಗೆ ಕಟ್ಟುವುದು ಅನ್ಯಾಯ. ಆ ಪಾಪ ಕಾರನ್ನು ಕೊಟ್ಟವರದು.

ಚಾಲಕನಿಲ್ಲದೆ ಕಾರನ್ನಷ್ಟೇ ಬಾಡಿಗೆಗೆ ಕೊಡುವ ಪದ್ಧತಿ ಕಾನೂನಿಗೆ ಹೊಸದಲ್ಲ. ೧೯೮೮ರ ಮೋಟಾರು ವಾಹನ ಕಾಯಿದೆಯ ೭೫ನೆಯ ಕಲಮು ಅದಕ್ಕೆ ಎಡೆಮಾಡಿಕೊಟ್ಟಿತು. ಮರುವರ್ಷದ ಯೋಜನೆಯು ಪರವಾನಗಿ ಬೇಡುವವನ ಬಳಿ ಕನಿಷ್ಠ ೫೦ ಕಾರುಗಳಿರಬೇಕೆಂದು ವಿಧಿಸಿತು. ಒಂದು ಕೆಟ್ಟರೆ ಇನ್ನೊಂದನ್ನು ಕೊಡುವ ತಾಕತ್ತಿರಲಿ ಎಂಬ ಎಣಿಕೆ ಇದ್ದಿರಬೇಕು. ಇಂಥ ಕಾರಿಗೆ ಕಪ್ಪು ಫಲಕ, ಹಳದಿ ಅಕ್ಷರ. (ಬಿಳಿ ಫಲಕದ ಸ್ವಂತ ಕಾರನ್ನು ಗುಟ್ಟಾಗಿ ಬಾಡಿಗೆಗೆ ಬಿಡುವ ಮಹಾನುಭಾವರೂ ಇದ್ದಾರೆ, ಅಪಘಾತವಾದರೆ ವಿಮೆಯವರು ಅತ್ತ ತಿರುಗಿಯೂ ನೋಡಲಾರರು.)

ನಾನು ಕಳೆದ ಫೆಬ್ರುವರಿಯಲ್ಲಿ ಪಡೆದದ್ದು ಕಪ್ಪು ಫಲಕದ್ದೇ. ಕಾರನ್ನು ಒಪ್ಪಿಸುವ ಸಮಾರಂಭವನ್ನು ಓದುಗರು ನೋಡಬೇಕು. ಒಬ್ಬ ತರುಣ ಬಂದು, ಮದುವೆಮನೆಯ ಛಾಯಾಗ್ರಾಹಕನಂತೆ ಬಗ್ಗಿ, ಕುಕ್ಕರಿಸಿ, ಕಾರಿನ ಮೈಮೇಲಿನ ಒಂದೊಂದು ಗೀರಿನ ಚಿತ್ರವನ್ನೂ ತೆಗೆದ. ಬಂಪರಿನ ಮೂಲೆಯಲ್ಲಿ ಸಾಸಿವೆಯಷ್ಟು ಬಣ್ಣ ಹೋಗಿತ್ತು. ಅದಕ್ಕೆ ಎರಡು ಚಿತ್ರ. ನಾನು ಕೇಳಿದೆ: “ಬ್ರೇಕ್ ಆಯಿಲ್ ಬದಲಾಯಿಸಿದ್ದು ಯಾವಾಗಪ್ಪಾ?” ಅವನು ನನ್ನನ್ನು ಪರಲೋಕದಿಂದ ಇಳಿದವನನ್ನು ನೋಡುವಂತೆ ನೋಡಿ, “ಎಫ್.ಸಿ. ಇದೆ ಸಾರ್” ಎಂದ.

ಎಫ್.ಸಿ. ಇದೆ, ಸರಿ. ಎಂಟು ವರ್ಷದೊಳಗಿನ ಬಾಡಿಗೆ ವಾಹನಕ್ಕೆ ಈ ಯೋಗ್ಯತಾಪತ್ರ ಎರಡು ವರ್ಷಕ್ಕೊಮ್ಮೆ. ನಡುವೆ ಎರಡು ಮಳೆಗಾಲ ಕಳೆಯುತ್ತವೆ, ಹತ್ತಾರು ಕೈ ಬದಲಾಗುತ್ತವೆ. ಪತ್ರದ ಮೇಲಿನ ಮೊಹರು ಮಾತ್ರ ಮಾಸುವುದಿಲ್ಲ.

ಮೂಡಿಗೆರೆ ದಾಟಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ನಾನು, ನನ್ನಾಕೆ, ಭಾವಮೈದುನ, ಅವನ ಮಗಳು ಘಟ್ಟ ಇಳಿಯತೊಡಗಿದೆವು. ಎರಡನೆಯ ಗಿಯರಿನಲ್ಲಿಯೇ ಇಳಿಸಿದೆ. ಅರ್ಧ ದಾರಿಯಲ್ಲಿ ಬ್ರೇಕಿನ ಪೆಡಲು ಹತ್ತಿಯ ಮೂಟೆಯನ್ನು ಮೆಟ್ಟಿದಂತೆ ಮೆತ್ತಗೆ ಕೆಳಗೆ ಹೋಯಿತು. ಎದುರಿಗೆ ಲಾರಿ ಹತ್ತುತ್ತಿತ್ತು. ಹತ್ತುವ ವಾಹನಕ್ಕೆ ದಾರಿ ಬಿಡಬೇಕೆಂದು ೨೦೧೭ರ ಚಾಲನಾ ನಿಯಮಗಳು ಹೇಳುತ್ತವೆ; ಬ್ರೇಕಿಲ್ಲದವನು ಏನನ್ನು ತಾನೆ ಬಿಟ್ಟಾನು! ಒಂದನೆಯ ಗಿಯರಿಗೆ ತಂದು, ಹ್ಯಾಂಡ್ ಬ್ರೇಕನ್ನು ಮೆಲ್ಲಮೆಲ್ಲನೆ ಎಳೆದು, ಗುಡ್ಡದ ಕಡೆಯ ಚರಂಡಿಗೆ ಚಕ್ರ ಒತ್ತಿಸಿ ನಿಲ್ಲಿಸಿದೆ. ಆ ಹುಡುಗಿ ಅಳಲಿಲ್ಲ. ಮಾತೂ ಆಡಲಿಲ್ಲ, ಉಜಿರೆ ಮುಟ್ಟುವ ತನಕ.

ಲಾರಿಯವನು ನಿಲ್ಲಿಸಿ ಇಳಿದು ಬಂದು, “ಒಂದು ಗಂಟೆ ತಣ್ಣಗಾಗ್ಲಿ ಸ್ವಾಮಿ, ಆಮೇಲೆ ಒಂದ್ರಲ್ಲೇ ಇಳೀರಿ” ಎಂದ. ಹಾಗೆಯೇ ಇಳಿದೆವು. ಉಜಿರೆಯ ಮೆಕ್ಯಾನಿಕ್ಕು ಡಬ್ಬಿಯ ಮುಚ್ಚಳ ತೆಗೆದು ನೋಡಿದ. ಕಾಫಿ ಕಷಾಯದ ಬಣ್ಣ. “ಎಂತ ಮಾರಾಯ್ರೆ, ಇದು ಎಣ್ಣೆಯಾ? ಎಷ್ಟು ವರ್ಷ ಆಯ್ತು ಇದನ್ನು ಮುಟ್ಟದೆ?”

ಇದರಲ್ಲಿ ದೇವರ ಲೀಲೆಯೇನೂ ಇಲ್ಲ. ಒಂದೂವರೆ ಟನ್ ತೂಕದ ಬಂಡಿ ೭೦೦ ಮೀಟರ್ ಕೆಳಗಿಳಿದರೆ ಹುಟ್ಟುವ ಶಾಖ ಸುಮಾರು ೩೦ ಲೀಟರ್ ತಣ್ಣೀರನ್ನು, ಅಂದರೆ ಸ್ನಾನದ ಹಂಡೆಯೊಂದನ್ನು, ಕುದಿಗೆ ತರಲು ಸಾಕು. ಅದರಲ್ಲಿ ಒಂದು ಪಾಲನ್ನು ಕೆಳಗಿನ ಗಿಯರಿನಲ್ಲಿರುವ ಎಂಜಿನ್ನು ತಡೆದುಕೊಂಡರೆ ಉಳಿದದ್ದು ಬ್ರೇಕಿನ ಪಾಲು. ಬ್ರೇಕಿನ ಎಣ್ಣೆಯೋ, ಉಪ್ಪಿನ ಹಾಗೆ ಗಾಳಿಯ ತೇವವನ್ನು ಹೀರುವ ಪದಾರ್ಥ. ಡಾಟ್ ೩ ಎಂಬ ಸಾಧಾರಣ ದರ್ಜೆಯ ಎಣ್ಣೆ ಹೊಸತಿದ್ದಾಗ ೨೦೫ ಡಿಗ್ರಿಯವರೆಗೆ ಕುದಿಯಬಾರದೆಂದು ನಿಯಮ. ನೂರಕ್ಕೆ ಮೂರು ನಾಲ್ಕು ಪಾಲು ನೀರು ಸೇರಿದರೆ ಆ ಮಿತಿ ೧೪೦ಕ್ಕೆ ಇಳಿಯುತ್ತದೆ. ಕುದಿದರೆ ಆವಿಯ ಗುಳ್ಳೆ. ನಾವು ಮೆಟ್ಟಿದ ಬಲವೆಲ್ಲ ಆ ಗುಳ್ಳೆಯನ್ನು ಅದುಮುವುದರಲ್ಲೇ ಮುಗಿದು ಚಕ್ರಕ್ಕೆ ತಲಪುವುದೇ ಇಲ್ಲ. ಬೆಂಗಳೂರಿನ ಸಮತಟ್ಟಿನಲ್ಲಿ, ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವಾಗ, ಈ ರೋಗ ತೋರುವುದಿಲ್ಲ. ತೋರುವುದು ಘಟ್ಟದಲ್ಲಿ, ಅದೂ ನಡುದಾರಿಯಲ್ಲಿ.

“ಗಿರಾಕಿಗಳೇ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯುತ್ತಾರೆ, ನಾವೇನು ಮಾಡೋಣ?” ಎನ್ನುತ್ತಾರೆ ಈ ವ್ಯಾಪಾರಿಗಳು. ಅಂಥವರಿದ್ದಾರೆ, ಪೆಟ್ರೋಲು ಉಳಿಸಲು ನ್ಯೂಟ್ರಲಿನಲ್ಲಿ ಬಿಡುವ ಜಾಣರೂ ಇದ್ದಾರೆ. ಆದರೆ ಕೆಟ್ಟ ಚಾಲಕನ ಕೈಗೆ ಕೆಟ್ಟ ಬ್ರೇಕನ್ನು ಕೊಡಿರೆಂದು ಯಾವ ನ್ಯಾಯ ಹೇಳುತ್ತದೆ? ಕಾರಿನೊಳಗೆ ಒಂದು ಯಂತ್ರ ಇಟ್ಟಿದ್ದಾರೆ. ನಾನು ನಿಗದಿಯ ವೇಗವನ್ನು ಮೀರಿದರೆ ಕ್ಷಣಾರ್ಧದಲ್ಲಿ ದಂಡದ ಸಂದೇಶ ಬರುತ್ತದೆ. ಕಾರು ಎಲ್ಲಿದೆಯೆಂಬುದೂ ಅವರಿಗೆ ಗೊತ್ತು. ವಾರವಾರವೂ ತಮ್ಮ ಕಾರುಗಳು ಚಾರ್ಮಾಡಿ, ಆಗುಂಬೆ, ಶಿರಾಡಿಗಳನ್ನು ಇಳಿಯುತ್ತವೆಂದು ಬಲ್ಲವರಿಗೆ ವರ್ಷಕ್ಕೊಮ್ಮೆ ಅರ್ಧ ಲೀಟರೋ ಒಂದು ಲೀಟರೋ ಎಣ್ಣೆ ಬದಲಾಯಿಸುವ ನೆನಪಾಗುವುದಿಲ್ಲವೆ?

ನಮ್ಮ ಜನವೂ ಕಡಮೆಯಿಲ್ಲ. ಕಾರು ಹಿಡಿಯುವಾಗ ಎ.ಸಿ. ತಂಪಾಗಿದೆಯೆ, ಹಾಡು ಬರುತ್ತದೆಯೆ ಎಂದು ವಿಚಾರಿಸುತ್ತಾರೆ. ಸ್ಟೆಪ್ನಿಯಲ್ಲಿ ಗಾಳಿಯಿದೆಯೆ ಎಂದು ಕೇಳಿದವನು ಅರಸಿಕ. ಘಟ್ಟದ ಅಣ್ಣಪ್ಪಸ್ವಾಮಿಗೆ ಬಸ್ಸು ಲಾರಿಗಳವರೂ ಕೈಮುಗಿಯುತ್ತಾರೆ, ಆದರೆ ಹೊರಡುವ ಮುನ್ನ ಟೈರು ತಟ್ಟಿ ನೋಡಿರುತ್ತಾರೆ.

ನಾನು ಕೇಳುವುದು ದೊಡ್ಡದಲ್ಲ. ಗೀರುಗಳ ಪಟ್ಟಿಯ ಕೆಳಗೆ ಇನ್ನೆರಡು ಸಾಲು: ಬ್ರೇಕಿನ ಎಣ್ಣೆ ಬದಲಾಯಿಸಿದ ತಾರೀಕು, ಬ್ರೇಕಿನ ಸವೆತ ನೋಡಿದ ತಾರೀಕು, ನೋಡಿದವನ ಸಹಿ. ಸಹಿ ಹಾಕಲು ಹಿಂಜರಿಯುವ ಕಾರು ಘಟ್ಟಕ್ಕೆ ಹೋಗುವುದು ಬೇಡ.

ಹಿಂದಿರುಗಿಸಿದಾಗ ಆ ತರುಣ ಮತ್ತೆ ಚಿತ್ರ ತೆಗೆದ. ಚರಂಡಿಯ ಕೆಸರು ಮೆತ್ತಿದ್ದಕ್ಕೆ ಠೇವಣಿಯಲ್ಲಿ ೫೦೦ ರೂಪಾಯಿ ಮುರಿದುಕೊಂಡರು. ಉಜಿರೆಯ ರಿಪೇರಿಯ ಹಣ ಕೊಡಲಿಲ್ಲ; ಅವರು ಗೊತ್ತುಮಾಡಿದ ಗ್ಯಾರೇಜಿನಲ್ಲಿ ಮಾಡಿಸಬೇಕಿತ್ತಂತೆ. ಪಟ್ಟಿ ನೋಡಿದೆ: ಹತ್ತಿರದ್ದು ಮಂಗಳೂರಿನಲ್ಲಿ, ಇನ್ನೊಂದು ಹಾಸನದಲ್ಲಿ, ಅಂದರೆ ಮತ್ತೆ ಘಟ್ಟ ಹತ್ತಿ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ನಾವು ವಾಸವಾಗಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ೫ ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ದೂರು ಬರೆದು, ಮೆಕ್ಯಾನಿಕ್ಕಿನ ರಸೀದಿಯನ್ನೂ, ಆ ಕಷಾಯದ ಬಣ್ಣದ ಎಣ್ಣೆಯನ್ನು ತುಂಬಿದ ಸೀಸೆಯ ಫೋಟೊವನ್ನೂ ಲಗತ್ತಿಸಿದ್ದೇನೆ.