ಅಪರೂಪದ ಗೆಡ್ಡೆಗೂ ಲೆಕ್ಕ ಬೇಕು

ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಬಟಾಣಿ ಕಾಳಿನಷ್ಟು ಚಿಕ್ಕದು. ಅಲ್ಲಿ ಹುಟ್ಟುವ ಗೆಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಮಾತ್ರೆಗೋ ಆಪರೇಷನ್‌ಗೋ ಬಗ್ಗುತ್ತವೆ. ಕೆಲವು ಮಾತ್ರ ಹಟಮಾರಿ. ಮೂಗಿನ ಮೂಲಕ ಆಪರೇಷನ್ ಮಾಡಿ ತೆಗೆದರೂ, ರೇಡಿಯೇಷನ್ ಕೊಟ್ಟರೂ ಮತ್ತೆ ಬೆಳೆದು ಕಣ್ಣಿನ ನರವನ್ನು ಒತ್ತುತ್ತವೆ. ನನ್ನ ಸೋದರತ್ತೆಗೆ ಇರುವುದು ಇಂಥದ್ದೇ. ಎರಡು ಆಪರೇಷನ್, ರೇಡಿಯೇಷನ್ ಎಲ್ಲ ಆದ ಮೇಲೆ ಮನೆಯವರದು ಒಂದೇ ಪ್ರಶ್ನೆ: ‘ಇನ್ನೇನಾದರೂ ದಾರಿ ಇದೆಯಾ?’

ಇದೆ. ಅದು ಟೆಮೊಜೊಲೊಮೈಡ್ ಎಂಬ ಕೀಮೊಥೆರಪಿ ಔಷಧ, ನುಂಗುವ ಕ್ಯಾಪ್ಸೂಲ್. ಗ್ಲಿಯೊಬ್ಲಾಸ್ಟೋಮಾ ಎಂಬ ಮಿದುಳಿನ ಕ್ಯಾನ್ಸರ್‌ಗೆ ಕೊಡುತ್ತಿದ್ದ ಈ ಔಷಧದಿಂದ ಪಿಟ್ಯುಟರಿ ಗೆಡ್ಡೆಯೂ ಕುಗ್ಗಿದ ವರದಿಗಳು 2006ರಲ್ಲಿ ಬಂದವು. ಒಬ್ಬಿಬ್ಬರು ರೋಗಿಗಳ ವರದಿಗಳು, ಅಷ್ಟೇ. ಆದರೂ ಬೇರೆ ವೈದ್ಯರು ಅವನ್ನು ಓದಿದರು, ತಮ್ಮ ಅನುಭವ ಸೇರಿಸಿದರು. 2018ರಲ್ಲಿ ಯುರೋಪಿನ ಎಂಡೋಕ್ರೈನಾಲಜಿ ಸೊಸೈಟಿ, ಉಳಿದೆಲ್ಲ ಚಿಕಿತ್ಸೆ ಸೋತಾಗ ಮೊದಲು ಕೊಡಬೇಕಾದ ಕೀಮೊ ಇದೇ ಎಂದು ಮಾರ್ಗಸೂಚಿ ಹೊರಡಿಸಿತು.

ಇದು ಸಂಜೀವಿನಿಯೇನಲ್ಲ. ಅದೇ ಸೊಸೈಟಿ 166 ರೋಗಿಗಳ ವಿವರ ಕಲೆಹಾಕಿದಾಗ, ಮೊದಲ ಬಾರಿ ಈ ಔಷಧ ಪಡೆದವರಲ್ಲಿ ಶೇ 37ರಷ್ಟು ಮಂದಿಯ ಗೆಡ್ಡೆ ಕುಗ್ಗಿತ್ತು. ಶೇ 33ರಷ್ಟು ಮಂದಿಯದು ಇದ್ದಷ್ಟೇ ಇತ್ತು. ಉಳಿದವರದು ಬೆಳೆದಿತ್ತು. ಔಷಧ ಗೆಡ್ಡೆಯ ಡಿಎನ್‌ಎ ಕೆಡಿಸಿದರೆ, ಎಂಜಿಎಂಟಿ ಎಂಬ ಪ್ರೋಟೀನ್ ಅದನ್ನು ರಿಪೇರಿ ಮಾಡುತ್ತದೆ. ಹಾಗಾಗಿ ಆ ಪ್ರೋಟೀನ್ ಕಡಿಮೆ ಇರುವವರಲ್ಲಿ ಫಲ ಸಿಗುವ ಸಾಧ್ಯತೆ ಹೆಚ್ಚು. ಮೂರು ಸುತ್ತಿನ ಬಳಿಕವೂ ಗೆಡ್ಡೆ ಬೆಳೆಯುತ್ತಿದ್ದರೆ ಔಷಧ ನಿಲ್ಲಿಸಬೇಕು ಎನ್ನುತ್ತದೆ ಮಾರ್ಗಸೂಚಿ. ಇಷ್ಟನ್ನೂ ರೋಗಿಗೆ ಬಿಡಿಸಿ ಹೇಳಬೇಕು. ಸುಳ್ಳು ಭರವಸೆಯೂ ಬೇಡ, ‘ಇನ್ನೇನೂ ಇಲ್ಲ’ ಎನ್ನುವುದೂ ಬೇಡ.

ನನ್ನ ವಾದ ಇಷ್ಟೆ. ಸಾವಿರಾರು ರೋಗಿಗಳ ಪ್ರಯೋಗ ನಡೆಸಲು ಇಂಥ ಕಾಯಿಲೆಯವರು ಸಿಗುವುದೇ ಇಲ್ಲ. ಆದ್ದರಿಂದ ಒಬ್ಬೊಬ್ಬರ ದಾಖಲೆಯೂ ಅಮೂಲ್ಯ. ಔಷಧ ಫಲಿಸದವರದ್ದಂತೂ ಇನ್ನೂ ಮುಖ್ಯ. ನಿಮ್ಹಾನ್ಸ್, ಕಿದ್ವಾಯಿಯಂಥ ಸಂಸ್ಥೆಗಳಿರುವ ನಮ್ಮ ರಾಜ್ಯದಲ್ಲಿ ಆಸ್ಪತ್ರೆಗಳು ರೋಗಿಯ ಒಪ್ಪಿಗೆ ಪಡೆದು, ಹೆಸರು ತೆಗೆದು, ಈ ವಿವರಗಳನ್ನು ಒಂದೆಡೆ ಸೇರಿಸಬೇಕು. ಪ್ರಾಜೆಕ್ಟ್ ಎಂದರೆ ಹಾಜರಾತಿ ಆ್ಯಪ್ ಮಾಡುವ ನಮ್ಮಂಥ ಬಿಇ ವಿದ್ಯಾರ್ಥಿಗಳೂ ಇದಕ್ಕೆ ಕೈಜೋಡಿಸಬಹುದು. ಅಪರೂಪದ ರೋಗ ಬಂದವರು ಕಡಿಮೆ ಇರಬಹುದು, ಅವರ ಜೀವದ ಬೆಲೆ ಕಡಿಮೆಯಲ್ಲ.